ಮುಂಬಯಿಯಲ್ಲಿ ಒಂದು ಪಾವು ಉಸಳಿ

ಕಾಸರಕೋಡಿನಿಂದ ಯಾರೇ ಮುಂಬಯಿಗೆ ಹೊರಟರೂ ಮೊದಲು ನನ್ನ ಹತ್ತಿರ ಬಂದು ಹೋಗುತ್ತಿದ್ದ ಒಂದು ಕಾಲವಿತ್ತು. ನಾಲ್ಕನೇ ಇಯತ್ತೆಗೆ ಪಾಟಿ ಕೆಳಗಿಟ್ಟವಳಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಬೇಕೆ? ಏನು ನೋಡಬೇಕು, ಎಲ್ಲಿ ಏನು ತಿನ್ನಬೇಕು, ತಿನ್ನುವ ಮೊದಲು ಏನೆಂದು ಕೇಳಬೇಕು, ಎಲ್ಲವನ್ನೂ ಚಾ ಸೋಸುತ್ತ ಸೋಸುತ್ತಲೇ ಹೇಳಿ ಮುಗಿಸುತ್ತಿದ್ದೆ. ಕೇಳಿದವರು ತಲೆಯಾಡಿಸಿ, ಚಾದ ಲೋಟ ಕೆಳಗಿಟ್ಟು, ಧೈರ್ಯವಾಗಿ ಹೊಳೆ ದಾಟುತ್ತಿದ್ದರು. ಪಾಪ.

ಈ ಮರ್ಯಾದೆಯನ್ನು ನಾನು ಸಂಪಾದಿಸಿದ್ದು ನನ್ನ ತಂಗಿಯ ಪಾಲಿನ ಪ್ರವಾಸವನ್ನು ಕಿತ್ತುಕೊಂಡು. ಹೇಗೆ ಕಿತ್ತುಕೊಂಡೆ ಎಂದು ಹೇಳಬೇಕಾದರೆ ಮುಂಬಯಿಗಿಂತ ಮೊದಲು ಭಟ್ಕಳದ ಬಸ್ಸು ಹತ್ತಬೇಕು.

ಶರಾವತಿಗೆ ಆಗ ಸೇತುವೆ ಇರಲಿಲ್ಲ. ಭಟ್ಕಳದ ಕಡೆಯ ಬಸ್ಸು ಕಾಸರಕೋಡಿನ ದಡದಲ್ಲಿ ಜನರನ್ನು ಇಳಿಸಿ ಬಂದ ದಾರಿಯಲ್ಲೇ ತಿರುಗುತ್ತಿತ್ತು. ಜನ ತಾರಿ ಹತ್ತಿ ಆಚೆ ದಡದ ಹೊನ್ನಾವರ ಸೇರಿ, ಅಲ್ಲಿಂದ ಕುಮಟೆಯ ಬಸ್ಸು ಹಿಡಿಯುತ್ತಿದ್ದರು. ಹೊಳೆ ದಾಟಿಸುವ ದೋಣಿಗೆ ನಮ್ಮ ಕಡೆ ತಾರಿ ಎನ್ನುತ್ತಾರೆ. ಆ ತಾರಿ ಆಚೆಯಿಂದ ಬರುವವರೆಗೆ ಕಾಯಬೇಕಲ್ಲ, ಹಾಗೆ ಕಾಯುವವರಿಗೆ ಚಾ ಕುಡಿಸುವುದು ನಮ್ಮ ಅಪ್ಪನ ಉದ್ಯೋಗ. ಲೋಕವೆಲ್ಲ ನಮ್ಮ ಅಂಗಳದಲ್ಲಿ ಚಾ ಕುಡಿದು ಎಲ್ಲೆಲ್ಲಿಗೋ ಹೋಗುತ್ತಿತ್ತು. ನಾವು ಲೋಟ ತೊಳೆಯುತ್ತಿದ್ದೆವು.

ಒಮ್ಮೆ ಆಯಿಯ, ಅಂದರೆ ನಮ್ಮ ಅಮ್ಮನ, ಕಡೆಯ ಒಂದು ಮದುವೆಗೆಂದು ನಾವು ಮೂವರು, ಆಯಿ, ನಾನು, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳಾದ ತಂಗಿ, ಭಟ್ಕಳಕ್ಕೆ ಹೋಗಿದ್ದೆವು. ತಂಗಿ ಆಗ ಇನ್ನೂ ಒಂದನೇ ಇಯತ್ತೆಗೂ ಮೊದಲಿನ ಬಿನ್ನೆತ್ತೆಯಲ್ಲಿ ಅಕ್ಷರ ತಿದ್ದುತ್ತಿದ್ದವಳು. ಮರಳಿ ಬರುವಾಗ, ನಮ್ಮ ಅಂಗಡಿಗೆ ಖಾಯಂ ಗಿರಾಕಿಯಾಗಿದ್ದ ಅಲ್ಲಿಯ ನವಾಯತ ಮುಸ್ಲಿಂ ವ್ಯಾಪಾರಿಯೊಬ್ಬರು ಬಸ್ಸಿನ ಹತ್ತಿರ ಬಂದು, ‘ಮನೆಗೆ ಹೋಗಿ ಎಲ್ಲರೂ ತಿನ್ನಿ’ ಎಂದು ಹಲ್ವಾದ ಪೊಟ್ಟಣ ಕೊಟ್ಟರು. ತುಪ್ಪಕ್ಕೆ ಕಾಗದವೆಲ್ಲ ಪಾರದರ್ಶಕವಾಗಿತ್ತು. ಆಯಿಗೆ ಮುಂದಿನ ಸೀಟಿನಲ್ಲಿ ಜಾಗ ಸಿಕ್ಕಿತು, ನಾವಿಬ್ಬರು ಹಿಂದೆ. ಪೊಟ್ಟಣ ನನ್ನ ಕೈಯಲ್ಲಿ. ಆಯಿಗೆ ನನ್ನ ಮೇಲೆ ಅಷ್ಟು ನಂಬಿಕೆ.

ಬಸ್ಸು ಹೊರಟ ಸ್ವಲ್ಪ ಹೊತ್ತಿಗೇ ತಂಗಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ನಾನು ಹಲ್ವಾ ಸರಿಯಿದೆಯೋ ಎಂದು ಒಂದು ಚೂರು ನೋಡಿದೆ. ಸರಿಯಿತ್ತು. ಇನ್ನೊಂದು ತುದಿಯಲ್ಲೂ ಸರಿಯಿದೆಯೋ ಎಂದು ನೋಡಿದೆ. ಮುರ್ಡೇಶ್ವರದ ತಿರುವು ದಾಟುವಷ್ಟರಲ್ಲಿ ಇಡೀ ಪೊಟ್ಟಣದ ಪರೀಕ್ಷೆ ಮುಗಿದಿತ್ತು. ಬಸ್ಸಿನ ಟಪ್ಪಿನ ಮೇಲೆ ಒಣಮೀನಿನ ಬುಟ್ಟಿಗಳು, ಒಳಗೆ ಡೀಸೆಲ್ಲಿನ ವಾಸನೆ, ಹೊಟ್ಟೆಯಲ್ಲಿ ಊರಿಗೆಲ್ಲ ಸಾಲುವಷ್ಟು ತುಪ್ಪ. ಮಂಕಿಯ ಹತ್ತಿರ ಎಲ್ಲವೂ ಒಟ್ಟಿಗೆ ಮೇಲೆ ಬಂತು. ಬಂದದ್ದು ತಂಗಿಯ ಫ್ರಾಕಿನ ಮೇಲೆ ಬಿತ್ತು.

ಆಯಿ ಹಿಂತಿರುಗಿದಳು. ‘ಯಾರೆ ಅದು ವಾಂತಿ ಮಾಡ್ಕಂಡದ್ದು?’

ನಾನು ಬಾಯಿ ಒರೆಸಿಕೊಂಡು ತಂಗಿಯನ್ನು ತೋರಿಸಿದೆ. ಯೋಚನೆ ಮಾಡಿ ತೋರಿಸಿದ್ದಲ್ಲ. ಬೆರಳು ತಾನಾಗಿಯೇ ಹೋಯಿತು. ಅದೇ ಹೊತ್ತಿಗೆ ತಂಗಿ ಎಚ್ಚರಾದಳು. ಫ್ರಾಕು ನೋಡಿಕೊಂಡಳು. ನನ್ನ ಮುಖ ನೋಡಿ, ಆಯಿಯ ಮುಖ ನೋಡಿ, ಅಳಲಿಕ್ಕೆ ಶುರುಮಾಡಿದಳು. ತಾನೇ ಮಾಡಿದ್ದೆಂದು ಅವಳೂ ನಂಬಿಬಿಟ್ಟಳು.

‘ಹಲ್ವಾ ಎಲ್ಲಿ?’ ಎಂದಳು ಆಯಿ.

‘ಅದೇ ತಿಂತು’ ಎಂದೆ.

ಕಂಡಕ್ಟರು ಒಂದು ಹಿಡಿ ಮರಳು ತಂದು ಸುರಿದು, ‘ಬಸ್ಸು ಆಗದ ಮಕ್ಕಳನ್ನ ಎಂತಕ್ಕೆ ತರೂದಮ್ಮ?’ ಎಂದ. ಅಲ್ಲಿಗೆ ತೀರ್ಪು ಬರೆದಾಯಿತು. ಅಂದಿನಿಂದ ನನ್ನ ತಂಗಿ ಬಸ್ಸು ಆಗದ ಹುಡುಗಿ. ಜ್ಯೋತಿಷಿ ಬರೆದುಕೊಟ್ಟ ಕುಂಡಲಿಗೂ ನಮ್ಮ ಮನೆಯಲ್ಲಿ ಅಷ್ಟು ಬೆಲೆ ಇರಲಿಲ್ಲ. ಶಾಲೆಯ ಮಕ್ಕಳನ್ನು ಗೋಕರ್ಣಕ್ಕೆ ಕರೆದುಕೊಂಡು ಹೋದಾಗ ಇವಳು ಮನೆಯಲ್ಲಿ. ಧಾರೇಶ್ವರದಲ್ಲಿ ದೊಡ್ಡಮ್ಮನ ಮಗಳ ಮದುವೆಗೆ ನಾವೆಲ್ಲ ಹೋದಾಗ ಇವಳು ಅಪ್ಪನ ಜೊತೆ ಅಂಗಡಿಯಲ್ಲಿ. ಆ ಸಲ ನಾನು ಹಿಂದಿನ ದಿನದಿಂದಲೇ ಹೊಟ್ಟೆ ಖಾಲಿ ಇಟ್ಟುಕೊಂಡು, ದಾರಿಯುದ್ದಕ್ಕೂ ಹುಣಸೆಹಣ್ಣು ಚೀಪುತ್ತ, ಹೇಗೋ ಕುಮಟೆಯ ಬಸ್ಸಿನಲ್ಲಿ ಮಾನ ಉಳಿಸಿಕೊಂಡೆ. ನೋಡಿದವರು, ‘ದೊಡ್ಡದು ನೋಡಿ, ಎಷ್ಟು ಗಟ್ಟಿ’ ಎಂದರು.

ಪ್ರಯಾಣ ಇಲ್ಲದವಳಿಗೆ ಪ್ರಯಾಣದ ಹುಚ್ಚು. ಅಂಗಡಿಗೆ ಬರುವವರನ್ನು ತಂಗಿ ಬಿಡುತ್ತಿರಲಿಲ್ಲ. ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆಯನ್ನು ಮೈಸೂರಿಗೆ ಸೇರಿಸಿ ಸ್ವಲ್ಪವೇ ಕಾಲವಾಗಿತ್ತು. ನಮ್ಮವರಿಗೆ ದೊಡ್ಡ ಪೇಟೆ ಎಂದರೆ ಇನ್ನೂ ಮುಂಬಯಿಯೇ. ಅಲ್ಲಿಂದ ಬಂದವರು ಯಾರಾದರೂ ಬೆಂಚಿನ ಮೇಲೆ ಕೂತರೆ ಇವಳು ಲೋಟ ಹಿಡಿದು ಎದುರು ನಿಲ್ಲುತ್ತಿದ್ದಳು. ಟ್ರಾಮು ದನ ಅಡ್ಡ ಬಂದರೆ ಎಂತ ಮಾಡ್ತದೆ? ಎರಡು ಮಾಳಿಗೆಯ ಬಸ್ಸಿನಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಒಬ್ಬನೇ ಕಂಡಕ್ಟರನೋ? ರಾಣಿಬಾಗಿನ ಬೋನಿನ ಸಿಂಹಕ್ಕೆ ಮರಾಠಿ ತಿಳಿತದೋ? ಬಂದವರಿಗೆ ಚಾ ಆರಿಹೋಗುತ್ತಿತ್ತು.

ಹೀಗಿರುವಾಗ ಆಯಿಯ ತಮ್ಮ, ನಮ್ಮ ಮಾವ, ಮುಂಬಯಿಯಿಂದ ಬಂದ. ಗಿರಗಾಂವದ ಒಂದು ಚಾಳಿನಲ್ಲಿ ಅವನ ಸಂಸಾರ, ಅಲ್ಲೇ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ಬಂದವನು ತಂಗಿಯ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಸುಸ್ತಾಗಿ, ‘ಅಕ್ಕಾ, ಈ ಹುಡುಗಿಯನ್ನ ನಂಗೆ ಕೊಡೆ. ಹತ್ತು ದಿನ ಮುಂಬಯಿ ತೋರಿಸಿ, ಯಾರಾದ್ರೂ ಬರುವವರ ಜೊತೆ ಕಳಿಸ್ತೆ. ಇಲ್ದಿದ್ರೆ ಇದು ನನ್ನನ್ನ ಕೇಳಿಯೇ ಕೊಲ್ತದೆ’ ಎಂದ.

ತಂಗಿ ಉಸಿರು ಹಿಡಿದು ನಿಂತಳು.

‘ನೀ ಎಂತ ಹೇಳೂದು?’ ಎಂದಳು ಆಯಿ. ‘ಅದ್ಕೆ ಬಸ್ಸು ಆಗೂದಿಲ್ಲ. ಮಂಕಿಯಲ್ಲೇ ಹಾಗೆ ಮಾಡಿದ್ದು, ಘಟ್ಟದಲ್ಲಿ ಹೆಣ ಬೀಳ್ತದೆ.’

‘ಆವಾಗ ಸಣ್ಣದು. ಈಗ ದೊಡ್ಡಾತಲೆ. ಒಂದು ಲಿಂಬೆಹಣ್ಣು ಮೂಸ್ತಾ ಕೂತ್ರೆ ಆತು.’

ಆಯಿಯ ಮನಸ್ಸು ಅರ್ಧ ಬಗ್ಗಿತ್ತು. ನನ್ನ ಕಡೆ ತಿರುಗಿ, ‘ನೀ ಜೊತೆಯಲ್ಲಿ ಇರೂದಲ್ದಾ, ಎಂತ ಹೇಳ್ತಿ? ಆಗ್ತದನೆ ಅದ್ಕೆ?’ ಎಂದು ಕೇಳಿದಳು.

ಒಂದು ಮಾತಿಗೆ ಅಷ್ಟು ತೂಕ ನನ್ನ ಜೀವನದಲ್ಲಿ ಅದಕ್ಕಿಂತ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ನಾನು ತುಂಬ ಕಾಳಜಿಯ ಮುಖ ಮಾಡಿ, ‘ಮೊನ್ನೆ ಅಂಗಳದಲ್ಲಿ ಬಸ್ಸು ತಿರುಗಿಸುವಾಗ ಬರೀ ಹೊಗೆಗೇ ಅದ್ಕೆ ತಲೆ ತಿರುಗ್ತಿತ್ತು ಆಯಿ. ಪಾಪ, ಯಾರಿಗೂ ಹೇಳ್ಬೇಡ ಅಂದಿತ್ತು’ ಎಂದೆ.

ಮಾರನೆಯ ವಾರ ಹೊರಟವಳು ನಾನು.

ತಾರಿ ಹತ್ತುವ ಮೊದಲು ತಂಗಿ ನನ್ನ ಕೈ ಹಿಡಿದುಕೊಂಡಳು. ಜಗಳವಾಡಿದ್ದರೆ, ಅತ್ತಿದ್ದರೆ, ನನಗೂ ಸ್ವಲ್ಪ ಹಗುರಾಗುತ್ತಿತ್ತು. ಅವಳು ಹೇಳಿದ್ದು ಇಷ್ಟು: ‘ಅಕ್ಕ, ಎಲ್ಲ ನೋಡ್ಕಂಡು ಬಾ. ಒಂದೂ ಬಿಡ್ಬೇಡ. ತಿಂದದ್ದು ರುಚಿ ಸಮೇತ ಹೇಳ್ಬೇಕು, ಆತಾ?’

‘ಆತು’ ಎಂದೆ.

ಘಟ್ಟದಲ್ಲಿ ಏನಾಯಿತೆಂದು ವಿವರಿಸುವುದಿಲ್ಲ. ಮಾವನ ಕೊಡೆ ಮಡಚಿಟ್ಟಿತ್ತು, ಬಾಯಿ ಮೇಲಾಗಿ ನನ್ನ ಪಕ್ಕದಲ್ಲೇ ಇತ್ತು ಎಂದರೆ ಸಾಕು. ಮಾವ ಬಸ್ಸು ನಿಲ್ಲಿಸಿ ಹಳ್ಳದಲ್ಲಿ ಕೊಡೆ ತೊಳೆದ. ಮರಳಿ ಬಂದು ಕೂತು, ‘ನಿಮ್ಮ ಮನೆಯಲ್ಲಿ ಬಸ್ಸು ಆಗದವಳು ಯಾರೆ?’ ಎಂದು ಕೇಳಿದ. ನಾನು ಕಿಟಕಿಯ ಆಚೆ ನೋಡಿದೆ. ಅವನು ಮತ್ತೆ ಕೇಳಲಿಲ್ಲ. ಒಳ್ಳೆಯವನು ಎಂದುಕೊಂಡೆ. ಒಳ್ಳೆಯತನದ ಕಾರಣ ಮುಂಬಯಿಯಲ್ಲಿ ತಿಳಿಯಿತು.

ಚಾಳಿನ ಬಾಗಿಲು ತೆರೆದರೆ ಅತ್ತೆ ಹಾಸಿಗೆಯಲ್ಲಿದ್ದಳು, ಪಕ್ಕದಲ್ಲಿ ಇನ್ನೂ ಕಣ್ಣು ಸರಿಯಾಗಿ ತೆರೆಯದ ಕೂಸು. ಮೂಲೆಯಲ್ಲಿ ಬಟ್ಟೆಯ ರಾಶಿ. ‘ಕೆಲಸದವಳು ಬಿಟ್ಟು ಹೋದ್ಲು’ ಎಂದ ಮಾವ, ನನ್ನ ಮುಖ ನೋಡದೆ. ಆಮೇಲೆ, ‘ನೋಡು, ಕೊಡೆಯ ವಿಚಾರ ನಾನು ಊರಲ್ಲಿ ಹೇಳೂದಿಲ್ಲ. ಇಲ್ಲಿಯ ವಿಚಾರ ನೀನೂ ಹೇಳ್ಬೇಡ’ ಎಂದ. ಹೀಗೆ ಮುಂಬಯಿಯ ವ್ಯವಹಾರ ನನಗೆ ಮೊದಲ ದಿನವೇ ತಿಳಿಯಿತು.

ಈಗ ಆ ಮಹಾನಗರದಲ್ಲಿ ನಾನು ನೋಡಿದ ಸ್ಥಳಗಳನ್ನು ಹೇಳುತ್ತೇನೆ. ಹೋಗುವವರು ತಪ್ಪದೆ ನೋಡಿ ಬರಬೇಕು.

ಮೊದಲನೆಯದು ನಲ್ಲಿ. ಚಾಳಿನ ಉದ್ದದ ಜಗಲಿಯ ಕೊನೆಗೆ ಒಂದೇ ನಲ್ಲಿ. ಸೂರ್ಯ ಹುಟ್ಟುವ ಮೊದಲು ನೀರು ಬಂದು, ಹುಟ್ಟಿದ ಮೇಲೆ ನಿಲ್ಲುತ್ತದೆ. ಅದರ ಎದುರು ಕೊಡಗಳ ಸಾಲು ನೋಡುವಂಥದ್ದು, ಸಾಲಿನಲ್ಲಿ ನಡೆಯುವ ಮಾತುಕತೆ ಕೇಳುವಂಥದ್ದು. ಮರಾಠಿಯಲ್ಲಿ ಬೈಯುವುದನ್ನು ನಾನು ಕಲಿತದ್ದು ಅಲ್ಲೇ. ಕೊಂಕಣಿ ಬರುವವರಿಗೆ ಅದು ಕಷ್ಟವಾಗುವುದಿಲ್ಲ. ಆಮೇಲೆ ಬಟ್ಟೆ ಒಣಗಿಸುವ ತಂತಿ. ಅದಕ್ಕೆ ನೇತುಹಾಕಿದ ಕೂಸಿನ ಬಟ್ಟೆಗಳು ಗಾಳಿಗೆ ಹಾರುವಾಗ ಹಡಗಿನ ಪತಾಕೆಗಳ ಹಾಗೆ ಕಾಣುತ್ತವೆ ಎಂದು ಹೇಳಬಹುದು. ಒಗೆದವಳಿಗೆ ಹಾಗೆ ಕಾಣುವುದಿಲ್ಲ.

ತಿಂಡಿ ತೀರ್ಥದ ವಿಷಯಕ್ಕೆ ಬಂದರೆ, ಮುಂಬಯಿಯಲ್ಲಿ ನಾನು ದಿನಾ ತಿಂದದ್ದು ಗಂಜಿ ಮತ್ತು ಮಾವಿನಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿ ನಮ್ಮ ಮನೆಯದೇ. ಆಯಿ ಭರಣಿಯಲ್ಲಿ ತುಂಬಿ ಕೊಟ್ಟದ್ದನ್ನು ನಾನೇ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದೆ. ಇಷ್ಟು ದೂರ ಬಂದು ಆಯಿಯ ಕೈರುಚಿ ತಿನ್ನುವ ಭಾಗ್ಯ ಎಷ್ಟು ಜನರಿಗಿದೆ?

ಕೋಣೆಗೆ ಒಂದು ಕಿಟಕಿ ಇತ್ತು. ಕೆಳಗೆ ಬೀದಿಯ ಆಚೆ ಒಂದು ಖಾನಾವಳಿ. ಅದರ ಒಳಗು ಕಾಣುತ್ತಿರಲಿಲ್ಲ, ಹಸಿರು ಬಣ್ಣದ ಒಂದು ಬಾಗಿಲು, ಒಳಗಿನಿಂದ ಬರುವ ಒಗ್ಗರಣೆಯ ಪರಿಮಳ, ಮಾಣಿ ಅಡುಗೆಯವನಿಗೆ ಕೂಗಿ ಹೇಳುವ ಮಾತು, ಇಷ್ಟೇ. ಅವನು ಬೆಳಗಿನಿಂದ ಸಂಜೆಯವರೆಗೆ ಕೂಗುತ್ತಿದ್ದದ್ದು ಒಂದೇ: ‘ಏಕ್ ಉಸಳ್ ಪಾವ್! ದೋನ್ ಉಸಳ್ ಪಾವ್!’

ಉಸಳಿ ಎಂದರೆ ನನಗೆ ಗೊತ್ತಿಲ್ಲವೆ? ನೆನೆಸಿದ ಕಾಳಿನ ಪಲ್ಯ, ನಮ್ಮ ಮನೆಯಲ್ಲೂ ಮಾಡುತ್ತಾರೆ. ಪಾವು ಎಂದರೂ ಗೊತ್ತು, ಅಕ್ಕಿ ಅಳೆಯುವ ಪಾವು. ಸೇರು, ಪಾವು ಹೋಗಿ ಕಿಲೋ ಬರುತ್ತದೆಂದು ಊರಿನಲ್ಲೆಲ್ಲ ಆಗ ಗುಲ್ಲು. ಮುಂಬಯಿಯವರು ಎಷ್ಟು ಬುದ್ಧಿವಂತರು, ಇನ್ನೂ ಪಾವು ಬಿಟ್ಟಿಲ್ಲ, ಅದೂ ಉಸಳಿಯನ್ನು ಅಳೆದು ಮಾರುತ್ತಾರಲ್ಲ ಎಂದು ನನಗೆ ಆಶ್ಚರ್ಯವಾಯಿತು. ಆ ಪಾವು ತಿನ್ನುವ ವಸ್ತು ಎಂದು ನನಗೆ ಹೇಳುವವರು ಯಾರು? ಆ ಮೆತ್ತನೆಯ ರೊಟ್ಟಿಗೆ ನಮ್ಮ ಮನೆಯಲ್ಲಿ ಬ್ರೆಡ್ಡು ಎಂದು ಹೆಸರು; ಜ್ವರ ಬಂದವರಿಗೆ ಭಟ್ಕಳದಿಂದ ತರಿಸುವ ಔಷಧಿ ಅದು.

ಹೊರಡುವ ಹಿಂದಿನ ದಿನ ಮಾವನಿಗೆ ಮನಸ್ಸು ಚುಚ್ಚಿರಬೇಕು. ‘ನಡಿ, ಮುಂಬಯಿ ತೋರಿಸ್ತೆ’ ಎಂದು ಸಂಜೆ ಕರೆದುಕೊಂಡು ಹೊರಟ. ದೊಡ್ಡ ರಸ್ತೆ ಬಂತು. ಮೋಟಾರು, ಟ್ರಾಮು, ಕುದುರೆಗಾಡಿ, ಮಧ್ಯೆ ಒಂದು ಬೆರಳು ಹಾಕಲು ಜಾಗವಿಲ್ಲ. ಮಾವ ಸರಸರನೆ ದಾಟಿ ಆಚೆ ನಿಂತು ಕೈಬೀಸಿದ. ನಾನು ಈಚೆ ನಿಂತೆ. ಹೊಳೆಯ ದಡದಲ್ಲಿ ಹುಟ್ಟಿದವಳಿಗೆ ದಾಟುವ ಕ್ರಮ ಗೊತ್ತಿಲ್ಲವೆ? ದಡದಲ್ಲಿ ಸುಮ್ಮನೆ ನಿಲ್ಲಬೇಕು, ಆಚೆಯಿಂದ ಒಬ್ಬ ಬಂದು ಕರೆದುಕೊಂಡು ಹೋಗುತ್ತಾನೆ. ಪಕ್ಕದಲ್ಲಿ ಹೂ ಮಾರುತ್ತಿದ್ದ ಹೆಂಗಸಿನ ಹತ್ತಿರ ಕೊಂಕಣಿಯಲ್ಲಿ ‘ತಾರಿ ಯಾವಾಗ ಬರ್ತದೆ?’ ಎಂದೂ ಕೇಳಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬುಟ್ಟಿಯನ್ನು ಸ್ವಲ್ಪ ದೂರ ಸರಿಸಿಕೊಂಡಳು. ಕೊನೆಗೆ ಮಾವನೇ ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋದ.

ಇಷ್ಟೆಲ್ಲ ಮಾಡಿ ಅವನು ತೋರಿಸಿದ್ದು ಸಮುದ್ರ. ಚೌಪಾಟಿಯಂತೆ. ಕಾಸರಕೋಡಿನಲ್ಲಿ ಹುಟ್ಟಿ, ಕಣ್ಣು ಬಿಟ್ಟರೆ ಸಮುದ್ರ, ಕಿವಿ ತೆರೆದರೆ ಸಮುದ್ರ ಎಂದು ಬೆಳೆದವಳನ್ನು ಬಸ್ಸು ಹತ್ತಿಸಿ, ರೈಲು ಹತ್ತಿಸಿ, ಹತ್ತು ದಿನ ಬಟ್ಟೆ ಒಗೆಸಿ, ಸಮುದ್ರ ತೋರಿಸಿದ. ನಮ್ಮದಕ್ಕಿಂತ ಸಣ್ಣದು, ನೀರೂ ಕಪ್ಪು. ಅಲ್ಲಿ ತಿಂಡಿಯ ಗಾಡಿಗಳು ಸಾಲಾಗಿ ನಿಂತಿದ್ದವು. ನಾನು ನೋಡಿದೆ. ‘ಅದು ತಿಂದ್ರೆ ಹೊಟ್ಟೆ ಕೆಡ್ತದೆ, ರೈಲಿಳಿದ ಮೇಲೆ ಬಸ್ಸಿದೆ’ ಎಂದ ಮಾವ. ಬಸ್ಸು ಎಂಬ ಶಬ್ದವನ್ನು ಸ್ವಲ್ಪ ಒತ್ತಿಯೇ ಹೇಳಿದ.

ಕುಮಟೆಯ ಕಡೆಗೆ ಹೊರಟಿದ್ದ ಒಂದು ಸಂಸಾರದ ಜೊತೆ ನಾನು ಮರಳಿ ಬಂದೆ. ಘಟ್ಟ ಇಳಿಯುವಾಗ ಹೊಟ್ಟೆಯಲ್ಲಿ ಏನೂ ಇರಲಿಲ್ಲವಾದ್ದರಿಂದ ಏನೂ ಬರಲಿಲ್ಲ. ಹೊನ್ನಾವರದಿಂದ ತಾರಿಯಲ್ಲಿ ಬರುತ್ತಿದ್ದಂತೆ ಕಂಡಿತು, ಈಚೆ ದಡದಲ್ಲಿ ತಂಗಿ ನಿಂತಿದ್ದಾಳೆ, ನೀರಿನಲ್ಲಿ ಮೊಣಕಾಲಿನವರೆಗೆ.

ಆ ಸಂಜೆ ಕೇರಿಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ. ತಂಗಿ ನನ್ನ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ಅವಳಿಗೆ ನಲ್ಲಿ, ತಂತಿ ಎಂದು ಹೇಳುವುದು ಹೇಗೆ? ಅವಳ ಬಾಯಿಯಿಂದ ಕಸಿದದ್ದು ಕೊನೆಗೆ ಹಳಸಿದ ಅನ್ನವಾಗಿತ್ತು ಎಂದರೆ ಕಸಿದ ಪಾಪ ಎರಡು ಪಟ್ಟಾಗುತ್ತಿತ್ತು. ಇದು ಈಗ ಬರೆಯುವಾಗ ಹೊಳೆದ ನೆಪ. ಆಗ ನನಗೆ ಅನ್ನಿಸಿದ್ದು, ಇಷ್ಟು ಜನ ಕಾಯುತ್ತಿದ್ದಾರೆ, ಖಾಲಿ ಕಳಿಸಬಾರದು ಎಂದಷ್ಟೇ.

ಹೇಳಿದೆ ನೋಡಿ. ಟ್ರಾಮಿನವನು ಪೂಜೆಯ ಗಂಟೆಯ ಹಾಗೆ ಗಂಟೆ ಬಾರಿಸುತ್ತಾನೆ, ಜನ ಕೈಮುಗಿದು ದಾರಿ ಬಿಡುತ್ತಾರೆ. ಎರಡು ಮಾಳಿಗೆಯ ಬಸ್ಸಿನಲ್ಲಿ ಮೇಲೆ ಕೂತವರು ಮನೆಗಳ ಮಾಡಿನ ಹಂಚು ಎಣಿಸಬಹುದು. ರಾಣಿಬಾಗಿನ ಸಿಂಹ ಮಧ್ಯಾಹ್ನದ ತೋಪು ಹಾರಿದರೆ ಮಾತ್ರ ಗರ್ಜಿಸುತ್ತದೆ. ಐಸ್‌ಕ್ರೀಮು ಬಾಯಿಗಿಟ್ಟರೆ ಮೂಗಿನಿಂದ ಹೊಗೆ ಬರುತ್ತದೆ. ಕೊನೆಗೆ ಉಸಳಿಯ ಸಂಗತಿ.

‘ಪಾವಿನಲ್ಲಿ ಅಳೆದು ಕೊಡ್ತ್ರು’ ಎಂದೆ.

‘ಪಾವು ನಮ್ಮ ಪಾವಿನಷ್ಟೇಯೋ, ದೊಡ್ಡದೋ?’ ತಂಗಿ ಕೇಳಿದಳು.

‘ದೊಡ್ಡದು. ಗುರ್ತು ಇದ್ದವರಿಗೆ ಗೋಪುರ ಮಾಡಿ ಕೊಡ್ತ್ರು, ಇಲ್ದವರಿಗೆ ತಲೆ ಸವರಿ.’

‘ನಿಂಗೆ?’

‘ನಂಗೆ ಗೋಪುರ. ದಿನಾ ಹೋಗ್ತಿದ್ನಲೆ.’

‘ಎಲೆಯ ಮೇಲೆ ಹಾಕ್ತ್ರೋ?’

‘ಹೇ, ಇಲ್ಲ. ಪಾತ್ರೆ ನಾವೇ ಒಯ್ಯಬೇಕು. ಅಳತೆ ಸಮ ಇರ್ಲಿ ಅಂತ ಮೊದಲೇ ಹೇಳ್ಬೇಕು.’

‘ರುಚಿ?’

‘ರುಚಿ ಹೇಳಿದ್ರೆ ತಿಳಿಯೂದಿಲ್ಲ, ತಿನ್ನಬೇಕು’ ಎಂದೆ. ಇಡೀ ಭಾಷಣದಲ್ಲಿ ನಿಜವಾದ ಮಾತು ಅದೊಂದೇ.

ಕೀರ್ತಿ ಹಬ್ಬಲು ತಡವಾಗಲಿಲ್ಲ. ಮುಂಬಯಿಗೆ ಹೊರಟವರು ಕೇಳಿಕೊಂಡು ಹೋದರು. ಹೋಗಿ ಬಂದ ಗಂಡಸರಲ್ಲಿ ಒಬ್ಬನಾದರೂ ನನ್ನನ್ನು ತಿದ್ದಬಹುದಿತ್ತು. ತಿದ್ದಲಿಲ್ಲ. ‘ನೀ ಹೇಳಿದ ಹಾಗೇ ಇತ್ತು’ ಎಂದು ಮೀಸೆ ಸವರಿಕೊಂಡು ಚಾ ಕುಡಿದರು. ಅವರು ನೋಡಿದ್ದೂ ನನ್ನಷ್ಟೇ ಇರಬೇಕು. ನಾನು ಮಾತ್ರ ಆಮೇಲೆ ಬಹಳ ವರ್ಷ ಬಸ್ಸು ಹತ್ತಲಿಲ್ಲ. ಯಾರಾದರೂ ಕರೆದರೆ, ‘ಮುಂಬಯಿ ನೋಡಿಯಾದ ಮೇಲೆ ಇನ್ನೆಂತ ನೋಡೂದು?’ ಎನ್ನುತ್ತಿದ್ದೆ. ಎಷ್ಟು ವೈರಾಗ್ಯ ಎಂದು ಜನ ಮೆಚ್ಚಿದರು.

ತಂಗಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಳು. ಶಾಲೆಯ ಅಕ್ಕೋರು ತಾವೇ ಅಂಗಡಿಗೆ ಬಂದು ಅಪ್ಪನ ಹತ್ತಿರ, ‘ಇದನ್ನ ಕುಮಟೆಗೆ ಟ್ರೇನಿಂಗಿಗೆ ಕಳಿಸಿ. ಮಾಸ್ತರಿಕೆ ಸಿಕ್ಕೇ ಸಿಗ್ತದೆ. ಹೊಳೆ ದಾಟಿದ್ರೆ ಬಸ್ಸು, ಬೆಳಿಗ್ಗೆ ಹೋಗಿ ಸಂಜೆ ಬರಬಹುದು’ ಎಂದರು. ಅಪ್ಪನಿಗೆ ಒಪ್ಪಿಗೆಯಿತ್ತು.

ಆಯಿ ಒಲೆಯ ಮುಂದಿನಿಂದಲೇ ಹೇಳಿದಳು, ‘ಒಂದಿನ ಹೋಗೂದೇ ಆಗೂದಿಲ್ಲ ಅದ್ಕೆ. ದಿನಾ ಹ್ಯಾಂಗೆ?’

ಅಕ್ಕೋರು ತಂಗಿಯನ್ನು ನೋಡಿದರು. ತಂಗಿ ನೆಲ ನೋಡುತ್ತ, ‘ಹೌದು ಅಕ್ಕೋರೆ, ನಂಗೆ ಬಸ್ಸು ಆಗೂದಿಲ್ಲ’ ಎಂದಳು. ಎಷ್ಟು ಖಚಿತವಾಗಿ ಹೇಳಿದಳೆಂದರೆ, ನನಗೂ ಒಂದು ಕ್ಷಣ ಅದು ನಿಜವಿರಬೇಕು ಅನ್ನಿಸಿತು.

ನಾನು ಅಲ್ಲೇ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ತುರಿಯುವ ಶಬ್ದ ಸ್ವಲ್ಪ ಜೋರಾಗಿತ್ತು, ಅಷ್ಟೇ. ಆಗ ನನಗೆ ಬಾಯಿ ಬಿಡುವುದರಿಂದ ಕಳೆದುಕೊಳ್ಳುವುದು ಏನಿತ್ತು? ಒಂದು ಹಲ್ವಾದ ಪೊಟ್ಟಣ, ಒಂದು ಕೊಡೆ, ಬೆಂಚಿನ ಮೇಲೆ ಕೂತವರ ಎದುರು ಸಿಗುವ ಮರ್ಯಾದೆ. ಒಂದು ಹುಡುಗಿಯ ಮಾಸ್ತರಿಕೆಗೆ ಎದುರಾಗಿ ಇಟ್ಟು ನಾನು ತೂಗಿದೆ. ಹಲ್ವಾವೇ ಭಾರವಾಯಿತು.

ತಂಗಿಯನ್ನು ಹೊನ್ನಾವರಕ್ಕೇ ಕೊಟ್ಟರು. ಗಂಡನ ಮನೆ ಆರಿಸುವಾಗಲೂ ಆಯಿ ಮೊದಲು ಕೇಳಿದ್ದು, ಬಸ್ಸು ಬೇಕಾಗ್ತದೋ ಎಂದು. ಬೇಕಾಗಿರಲಿಲ್ಲ, ತಾರಿ ಸಾಕು. ಅವನಿಗೆ ಪಾತ್ರೆ ಅಂಗಡಿ ಇತ್ತು. ನನ್ನ ಗಂಡ ಅಪ್ಪನ ಚಾ ಅಂಗಡಿಯನ್ನೇ ನೋಡಿಕೊಂಡಿದ್ದರಿಂದ ನಾನು ದಡ ಬಿಟ್ಟು ಕದಲಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ದಿನ ತಂಗಿ ತಾರಿಯಲ್ಲಿ ಬಂದಳು. ಗಂಡ ಮಾಲು ತರಲು ಮುಂಬಯಿಗೆ ಹೋಗುವವನಿದ್ದ, ಅವಳನ್ನೂ ನಾಲ್ಕು ದಿನಕ್ಕೆ ಕರೆದುಕೊಂಡು ಹೋಗುತ್ತಾನಂತೆ. ಬೇಡವೆಂದರೂ ಬಿಡುತ್ತಿಲ್ಲವಂತೆ. ‘ಸತ್ರೆ ಘಟ್ಟದಲ್ಲೇ ಸಾಯ್ತೆ, ಒಮ್ಮೆ ನೋಡಿಯೇ ಬಿಡ್ತೆ’ ಎಂದು ನಕ್ಕಳು. ಬೆವರಿದ್ದಳು. ಚೀಲದಲ್ಲಿ ಲಿಂಬೆಹಣ್ಣು, ಹುಣಸೆಹಣ್ಣು, ಶುಂಠಿ, ಹಳೆಯ ಸೀರೆಯ ತುಂಡುಗಳು. ಎಲ್ಲಕ್ಕಿಂತ ಕೆಳಗೆ ಗಂಡನ ಅಂಗಡಿಯ ಹೊಸ ಹಿತ್ತಾಳೆಯ ಡಬ್ಬಿ.

‘ಇದೆಂತಕ್ಕೆ?’ ಎಂದೆ.

‘ಉಸಳಿಗೆ. ಪಾತ್ರೆ ನಾವೇ ಒಯ್ಯಬೇಕು ಅಂದಿದ್ಯಲೆ?’

ನಾನು ಆ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ‘ಮುಚ್ಚಳ ಗಟ್ಟಿ ಇದೆ’ ಎಂದು ಹೇಳಿ ಮರಳಿ ಕೊಟ್ಟೆ.

ಅವಳು ಮರಳಿ ಬಂದ ದಿನ ಕೇರಿಯ ಹೆಂಗಸರು ಮತ್ತೆ ಅಂಗಳದಲ್ಲಿ. ಆಯಿಗೆ ವಯಸ್ಸಾಗಿತ್ತು, ಗೋಡೆಗೆ ಒರಗಿ ಕೂತಿದ್ದಳು. ಅವಳದು ಒಂದೇ ಪ್ರಶ್ನೆ: ‘ಬಸ್ಸಿನಲ್ಲಿ ಎಂತಾತು?’

‘ಎಂತದೂ ಆಗ್ಲಿಲ್ಲ ಆಯಿ. ಘಟ್ಟದಲ್ಲಿ ನಿದ್ದೆ ಮಾಡ್ದೆ. ಎರಡು ಮಾಳಿಗೆಯ ಬಸ್ಸಿನಲ್ಲಿ ಮೇಲೆ ಕೂತ್ಕಂಡು ಕಡಲೆ ತಿಂದೆ.’

‘ದೇವ್ರು ದೊಡ್ಡವ’ ಎಂದಳು ಆಯಿ.

ಪಕ್ಕದ ಮನೆಯವಳು ಕೇಳಿಯೇಬಿಟ್ಟಳು, ‘ಹೌದೆ, ಆ ಪಾವು ಉಸಳಿ ತಿಂದ್ಯಾ? ನಿನ್ನ ಅಕ್ಕ ಹೇಳ್ತದಲೆ ಯಾವಾಗಲೂ?’

ತಂಗಿ ನನ್ನ ಕಡೆ ನೋಡಿದಳು. ನಾನು ಚಾ ಲೋಟಗಳನ್ನು ಒಟ್ಟುಮಾಡತೊಡಗಿದೆ. ‘ತಿಂದೆ’ ಎಂದಳು. ‘ಅಕ್ಕ ಹೇಳಿದ ಹಾಗೇ. ಹೋದ ಕೂಡಲೆ ಗುರ್ತು ಹಿಡಿದು ಗೋಪುರ ಮಾಡಿ ಕೊಟ್ರು.’

ಎಲ್ಲರೂ ಹೋದ ಮೇಲೆ ಅವಳು ಆ ಹಿತ್ತಾಳೆ ಡಬ್ಬಿ ತೆರೆದು ನನ್ನ ಮುಂದೆ ಇಟ್ಟಳು. ಒಳಗೆ ಒಂದು ಪಾವು ರೊಟ್ಟಿ. ದಾರಿಯಲ್ಲಿ ಒಣಗಿ ಇಟ್ಟಿಗೆಯಾಗಿತ್ತು.

‘ಇದು ಪಾವು. ಅಳತೆ ನೋಡ್ಕೋ’ ಎಂದಳು. ಆಮೇಲೆ ನಗಲಿಕ್ಕೆ ಶುರುಮಾಡಿದಳು. ಖಾನಾವಳಿಯಲ್ಲಿ ಡಬ್ಬಿ ಮುಂದೆ ಹಿಡಿದು, ಅಳತೆ ಸಮ ಇರಲಿ ಎಂದಳಂತೆ. ಮಾಣಿ ಕೇಳಿ ಅಡುಗೆಯವನನ್ನು ಕರೆದ, ಅಡುಗೆಯವನು ಮಾಲೀಕನನ್ನು ಕರೆದ. ಇವಳ ಗಂಡ ಮೇಜಿನ ಕೆಳಗೆ ಬಿದ್ದದ್ದನ್ನು ಹುಡುಕುವವನ ಹಾಗೆ ಬಗ್ಗಿದವನು ಎದ್ದೇಳಲಿಲ್ಲ.

‘ಅಕ್ಕ, ನಿಜ ಹೇಳು. ಮುಂಬಯಿಯಲ್ಲಿ ನೀ ನೋಡಿದ್ದೆಂತದು?’

‘ನಲ್ಲಿ’ ಎಂದೆ.

ಎಲ್ಲ ಹೇಳಿದೆ. ನಲ್ಲಿ, ತಂತಿ, ಗಂಜಿ, ಸಮುದ್ರ, ಹೂವಿನವಳ ಹತ್ತಿರ ತಾರಿ ಕೇಳಿದ್ದು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಕಣ್ಣು ಒರೆಸಿಕೊಂಡು ಅವಳು ಹೇಳಿದಳು, ‘ಒಂದು ಮಾತ್ರ ತಿಳಿಯೂದಿಲ್ಲ ಮಾರಾಯ್ತಿ. ಸಣ್ಣವಳಿದ್ದಾಗ ಅಷ್ಟು ಆದದ್ದು ಈಗ ಹ್ಯಾಂಗೆ ಒಮ್ಮೆಲೇ ಹೋತು?’

ನಿಜ ಹೇಳಲು ಅವಳು ಬಾಗಿಲು ತೆರೆದೇ ಹಿಡಿದಿದ್ದಳು. ನಾನು ಒಳಗೆ ಹೋಗಬಹುದಿತ್ತು. ‘ದೊಡ್ಡವರಾದ ಮೇಲೆ ಹೋಗ್ತದೆ’ ಎಂದೆ.

ಅದೇ ವರ್ಷ ಭಟ್ಕಳದಲ್ಲಿ ಆಯಿಯ ಕಡೆಯವರದೇ ಇನ್ನೊಂದು ಮದುವೆ ಬಂತು. ಬಸ್ಸಿನ ರುಚಿ ಹತ್ತಿದ ತಂಗಿ ಬಿಡಲಿಲ್ಲ. ‘ಮುಂಬಯಿ ಕಂಡವಳಿಗೆ ಭಟ್ಕಳ ಎಂತ ಲೆಕ್ಕ?’ ಎಂದು ನನ್ನನ್ನು ಎಳೆದುಕೊಂಡು ಹೊರಟಳು. ಹೊರಟದ್ದು ಅವಸರದಲ್ಲಿ, ಹೊಟ್ಟೆ ಖಾಲಿ ಮಾಡಿಕೊಳ್ಳಲು ನನಗೆ ಸಮಯ ಸಿಗಲಿಲ್ಲ. ಅದೇ ರಸ್ತೆ, ಟಪ್ಪಿನ ಮೇಲೆ ಒಣಮೀನು. ಅವಳು ಕಿಟಕಿಯ ಹತ್ತಿರ ಕೂತು ಊರುಗಳ ಹೆಸರು ಗಟ್ಟಿಯಾಗಿ ಓದುತ್ತಿದ್ದಳು. ಮಂಕಿ ಬರುವಷ್ಟರಲ್ಲಿ ನನ್ನ ಕೈಕಾಲು ತಣ್ಣಗಾಯಿತು. ಎದ್ದು ಅವಳನ್ನು ದಾಟಿ ಕಿಟಕಿಗೆ ಬಾಗಬೇಕೆಂದುಕೊಂಡೆ. ಆಗಲಿಲ್ಲ. ಅವಳ ರೇಷ್ಮೆ ಸೀರೆಯ ಮಡಿಲಿನಲ್ಲೇ ಎಲ್ಲ ಆಯಿತು.

ಕಂಡಕ್ಟರು ಬೈಯಲು ಬಾಯಿ ತೆರೆದ. ತಂಗಿ ಒಂದು ಕೈ ಎತ್ತಿ ಅವನನ್ನು ನಿಲ್ಲಿಸಿ, ಇನ್ನೊಂದು ಕೈಯಲ್ಲಿ ನನ್ನ ಹಣೆ ಹಿಡಿದಳು. ನಾನು ಮುಗಿಸುವವರೆಗೂ ಹಿಡಿದಿದ್ದಳು. ಆಮೇಲೆ ತನ್ನ ಮಡಿಲನ್ನು ನೋಡಿಕೊಂಡಳು. ಬಹಳ ಹೊತ್ತು ನೋಡಿದಳು. ಇದೇ ದಾರಿಯಲ್ಲಿ, ಇದೇ ಜಾಗದಲ್ಲಿ, ಒಮ್ಮೆ ನಿದ್ದೆಯಿಂದ ಎದ್ದು ಫ್ರಾಕನ್ನು ನೋಡಿಕೊಂಡ ಹಾಗೆಯೇ.

‘ಆ ಹಲ್ವಾ’ ಎಂದಳು ನಿಧಾನವಾಗಿ. ‘ನಂಗೆ ಯಾವಾಗಲೂ ಆಶ್ಚರ್ಯ ಆಗ್ತಿತ್ತು. ಇಡೀ ಪೊಟ್ಟಣ ತಿಂದೆ ಅಂತಾರೆ, ರುಚಿಯೇ ನೆನಪಿಲ್ಲಲೆ ಅಂತ.’

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದೆ.

‘ಅಕ್ಕೋರು ಬಂದ ದಿನ, ಕುಮಟೆಯ ಮಾತು ಆದಾಗ, ನೀ ಅಲ್ಲೇ ಕೂತಿದ್ದೆ.’

‘ಹೌದು’ ಎಂದೆ.

‘ಕಾಯಿ ತುರೀತಿದ್ದೆ.’

‘ಹೌದು.’

ಅವಳು ಕಿಟಕಿಯ ಕಡೆ ತಿರುಗಿದಳು. ಊರುಗಳ ಹೆಸರು ಓದುವುದು ನಿಂತಿತ್ತು.

ಭಟ್ಕಳದಲ್ಲಿ ಇಳಿದ ಮೇಲೆ ಬಾವಿಯ ಹತ್ತಿರ ಹೋಗಿ ಸೀರೆ ತೊಳೆದುಕೊಂಡಳು. ನಂತರ ಪೇಟೆಯ ಒಳಗೆ ನಡೆದಳು, ನಾನು ಹಿಂದೆ. ಒಂದು ಅಂಗಡಿಯಲ್ಲಿ ಹಲ್ವಾದ ಪೊಟ್ಟಣ ಕೊಂಡಳು. ಅಂಗಡಿಯ ಕಟ್ಟೆಯ ಮೇಲೆ ಕೂತು ದಾರ ಬಿಚ್ಚಿ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು. ಇನ್ನೊಂದು. ಅವಸರವಿಲ್ಲದೆ, ಕಾಗದಕ್ಕೆ ಅಂಟಿದ ತುಪ್ಪವನ್ನೂ ಬಿಡದೆ, ಇಡೀ ಪೊಟ್ಟಣವನ್ನು ಒಬ್ಬಳೇ ತಿಂದಳು. ನಾನು ಎದುರು ನಿಂತು ನೋಡಿದೆ. ಕೊಡಲಿಲ್ಲ, ಕೊಡಬೇಕೆಂದು ನಾನೂ ಬಯಸಲಿಲ್ಲ.

ತಿಂದು ಮುಗಿಸಿ ಕೈ ಒರೆಸಿಕೊಂಡು, ಚೀಲಕ್ಕೆ ಕೈಹಾಕಿ ಒಂದು ಲಿಂಬೆಹಣ್ಣು ತೆಗೆದು ನನ್ನ ಕೈಗಿಟ್ಟಳು.

‘ಹಿಡ್ಕೋ. ಹೋಗುವಾಗ ಬಸ್ಸಿದೆ.’